ಆಕಳಿಕೆಯ ಲೆಕ್ಕ

ಜೇಮಿ ಹೈನಮನ್ ತಲೆಯ ಮೇಲಿನ ಕಪ್ಪು ಟೋಪಿ ಕೆಳಗಿಳಿದದ್ದನ್ನು ನೋಡಿದ ನೆನಪು ನನಗಿಲ್ಲ. ಬಾಯಿ ಮುಚ್ಚುವಷ್ಟು ದಪ್ಪ ಮೀಸೆ, ಮಡಿಕೆ ಕೆಡದ ಬಿಳಿ ಅಂಗಿ, ಯಾರೋ ಸಾಲ ಕೇಳಲು ಬಂದಿದ್ದಾರೆ ಎಂಬಂಥ ಮುಖ. ಪಕ್ಕದಲ್ಲಿ ಆಡಮ್ ಸ್ಯಾವೇಜ್. ಕನ್ನಡಕ, ಕೆಂಚುಗೂದಲು, ಒಂದು ಕಡೆ ನಿಂತು ಗೊತ್ತಿಲ್ಲದ ಜೀವ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ವರ್ಕ್‌ಶಾಪಿನಲ್ಲಿ ನಿಂತು ಇವರಿಬ್ಬರೂ 2003ರಿಂದ 2016ರವರೆಗೆ ಡಿಸ್ಕವರಿ ಚಾನೆಲ್ಲಿನ ‘ಮಿಥ್‌ಬಸ್ಟರ್ಸ್’ ನಡೆಸಿದರು. ಜನ ನಂಬಿಕೊಂಡು ಬಂದ ಮಾತೊಂದನ್ನು ಎತ್ತಿಕೊಳ್ಳುವುದು, ಮಾಡಿ ನೋಡುವುದು, ಕೊನೆಗೆ ‘ಬಸ್ಟೆಡ್’ (ಸುಳ್ಳು), ‘ಪ್ಲಾಸಿಬಲ್’ (ಇದ್ದರೂ ಇದ್ದೀತು), ‘ಕನ್ಫರ್ಮ್ಡ್’ (ನಿಜ) ಎಂಬ ಮೂರು ಮುದ್ರೆಗಳಲ್ಲಿ ಒಂದನ್ನು ಒತ್ತುವುದು. ನಡುವೆ ಎಲ್ಲಿ ಸಾಧ್ಯವೋ ಅಲ್ಲಿ ಏನನ್ನಾದರೂ ಢಂ ಎನ್ನಿಸುವುದು. ಕೊನೆಯದು ಕಾರ್ಯಕ್ರಮದ ನಿಯಮವೇನಲ್ಲ, ಆದರೆ ನಡೆಯುತ್ತಿದ್ದದ್ದು ಹಾಗೆಯೇ.

ನಮ್ಮ ಭಾವ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಈ ಕಾರ್ಯಕ್ರಮ ಹಾಕಿದರೆ ಎದ್ದು ಹೋಗುವುದಿಲ್ಲ, ಸುಮ್ಮನೆ ನೋಡುವುದೂ ಇಲ್ಲ. “ಇವರನ್ನ ವಿಜ್ಞಾನಿಗಳು ಅಂತಾರಲ್ಲಯ್ಯಾ, ಹಂಗಾದ್ರೆ ಜಾತ್ರೇಲಿ ಬಾವಿಯೊಳಗೆ ಬೈಕ್ ಓಡಿಸ್ತಾನಲ್ಲ, ಅವನು ಕೇಂದ್ರಾಪಗಾಮಿ ಬಲದ ಪ್ರೊಫೆಸರು!” ಎನ್ನುವುದು ಅವರ ವಾದ. ಹಾಗೆನ್ನುತ್ತಲೇ ಚಾನೆಲ್ ಬದಲಾಯಿಸಲು ಹೋದ ಅಕ್ಕನ ಕೈಯಿಂದ ರಿಮೋಟು ಕಿತ್ತುಕೊಳ್ಳುತ್ತಾರೆ.

ಅರ್ಹತೆಯ ಪತ್ರ ಕೇಳಿದರೆ ಭಾವನ ಮಾತು ಸರಿ. ಜೇಮಿ ಓದಿದ್ದು ರಷ್ಯನ್ ಭಾಷೆ ಮತ್ತು ಸಾಹಿತ್ಯ, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಮುಳುಗುಗಾರನಾಗಿದ್ದ, ಕೆರಿಬಿಯನ್ ಸಮುದ್ರದಲ್ಲಿ ಬಾಡಿಗೆ ದೋಣಿ ನಡೆಸಿದ, ಸಾಕುಪ್ರಾಣಿಗಳ ಅಂಗಡಿ ಇಟ್ಟ, ಕೊನೆಗೆ ಸಿನಿಮಾಗಳಿಗೆ ಸ್ಪೆಷಲ್ ಎಫೆಕ್ಟ್ ಮಾಡುವ ಕೆಲಸಕ್ಕೆ ಬಂದ. ಆಡಮ್ ಹಾಲಿವುಡ್ಡಿಗೆ ಆಕಾಶನೌಕೆಗಳ ಪುಟ್ಟ ಮಾದರಿಗಳನ್ನು ಮಾಡಿಕೊಡುತ್ತಿದ್ದವನು. ಇವರಿಬ್ಬರ ಜೊತೆ ಕಾರ್ಯಕ್ರಮದಲ್ಲಿದ್ದ ಎರಡನೆಯ ತಂಡದ ಕ್ಯಾರಿ ಬೈರನ್, ಟೋರಿ ಬೆಲೆಚಿ ಕಲೆ ಮತ್ತು ಸಿನಿಮಾದ ಕಡೆಯವರು. ಅದೇ ತಂಡದ, 2020ರಲ್ಲಿ ತೀರಿಕೊಂಡ ಗ್ರಾಂಟ್ ಇಮಹಾರಾ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ್ದ. ಅವನನ್ನು ಬಿಟ್ಟರೆ ಈ ಐವರಲ್ಲಿ ನಮ್ಮ ಭಾವ ಮೆಚ್ಚುವಂಥ ಪದವಿ ಇದ್ದವರಿಲ್ಲ. 2011ರಲ್ಲಿ ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯ ಜೇಮಿ, ಆಡಮ್ ಇಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮಲ್ಲಿ ಗೌರವ ಡಾಕ್ಟರೇಟ್ ಅಂದರೆ ಮೊದಲು ಆ ವಿಶ್ವವಿದ್ಯಾಲಯ ಇದೆಯೋ ಇಲ್ಲವೋ ಎಂದು ವಿಚಾರಿಸುವ ರೂಢಿ. ಭಾವ ವಿಚಾರಿಸಿದರು. ಇದೆ. “ಇದ್ರೆ ಇರಲಿ ಬಿಡು” ಅಂದರು.

ಆದರೆ ಪದವಿಯ ಮಾತು ತೆಗೆದರೆ ವಿದ್ಯುತ್ತಿನ ದೊಡ್ಡ ವಿಜ್ಞಾನಿ ಮೈಕೆಲ್ ಫ್ಯಾರಡೆ ಅಡ್ಡ ಬರುತ್ತಾನೆ. ಅವನು ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಅಷ್ಟೇ ಅಲ್ಲ, ಅವನೂ ಜನರೆದುರು ಪ್ರಯೋಗ ಮಾಡಿ ತೋರಿಸುವುದರಲ್ಲಿ ಎತ್ತಿದ ಕೈ. ಅಲ್ಲಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಶುರುವಾದ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಮಕ್ಕಳ ಮುಂದೆ ಒಂದು ಮೇಣದ ಬತ್ತಿ ಹಚ್ಚಿಟ್ಟುಕೊಂಡೇ ರಸಾಯನಶಾಸ್ತ್ರವನ್ನೆಲ್ಲ ಹೇಳಿಬಿಟ್ಟವನು. ಆಗ ಟೀವಿ ಇದ್ದಿದ್ದರೆ ಟೀವಿಯಲ್ಲೇ ಬರುತ್ತಿದ್ದ. ಹಾಗಾಗಿ ಡಿಗ್ರಿ ಇಲ್ಲ, ತಮಾಷೆ ಮಾಡುತ್ತಾರೆ, ಜನ ಸೇರಿಸುತ್ತಾರೆ ಎಂಬ ಮೂರು ಆಪಾದನೆಗಳಿಂದ ಯಾರ ವಿಜ್ಞಾನವೂ ಹೋಗುವುದಿಲ್ಲ. ಫ್ಯಾರಡೆಯ ವಿಷಯದಲ್ಲಿ ಭಾವನೂ ತಕರಾರು ಎತ್ತುವುದಿಲ್ಲ. “ಆದ್ರೆ ಅವನು ಜನ ಎದ್ದು ಹೋದ ಮೇಲೂ ಲ್ಯಾಬಲ್ಲಿ ಕೂತಿರ್ತಿದ್ದ” ಎನ್ನುತ್ತಾರೆ. ಇದು ನಿಜವಾದ ತಕರಾರು. ಟೀವಿಯವರಿಗೆ ಸಂಚಿಕೆ ಮುಗಿದರೆ ಪ್ರಶ್ನೆಯೂ ಮುಗಿಯಿತು. ಮುಂದಿನ ವಾರ ಬೇರೆ ಪ್ರಶ್ನೆ, ಬೇರೆ ಸಿಡಿಮದ್ದು.

ಈಗ ನಮ್ಮ ಪಿಯು ಲ್ಯಾಬಿನ ಕಡೆ ಒಮ್ಮೆ ಹೋಗಿ ಬರೋಣ. ಸರಳ ಲೋಲಕದ ಪ್ರಯೋಗ ಮಾಡದವರು ಯಾರಿದ್ದಾರೆ? ದಾರದ ತುದಿಗೆ ಗುಂಡು, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ನೋಡಿ, ದಾರದ ಉದ್ದ ಬದಲಾಯಿಸಿ ಮತ್ತೆ ನೋಡಿ, ಕೊನೆಗೆ ಗುರುತ್ವ ವೇಗೋತ್ಕರ್ಷದ ಬೆಲೆ ಕಂಡುಹಿಡಿಯಬೇಕು. ಕಂಡುಹಿಡಿಯುವುದೇನು, ಅದು ಪುಸ್ತಕದಲ್ಲೇ ಇದೆಯಲ್ಲ, 9.8. ಮೇಲಿನ ಫ್ಯಾನಿನ ಗಾಳಿಗೆ ಗುಂಡು ಅಡ್ಡಾದಿಡ್ಡಿ ಆಡಿ, ಪಕ್ಕದವನ ಮಾತಿಗೆ ಎಣಿಕೆ ತಪ್ಪಿ, 9.1 ಬಂತು ಅನ್ನಿ. ಆಗ ನಾವೆಲ್ಲ ಮಾಡುತ್ತಿದ್ದದ್ದು ಒಂದೇ: ಬೆಂಚಿನ ಮೂಲೆಯಲ್ಲಿ ಪೆನ್ಸಿಲಿನಿಂದ 9.8 ಬರೆದುಕೊಂಡು, ಹಿಂದುಹಿಂದಕ್ಕೆ ಲೆಕ್ಕ ಮಾಡಿ, ಎಷ್ಟು ಸೆಕೆಂಡು ಬಂದಿರಬೇಕಿತ್ತು ಎಂದು ತಿಳಿದು, ಅದನ್ನು ರೀಡಿಂಗಿನ ಕಾಲಮ್ಮಿಗೆ ತುಂಬುವುದು. ಜಾಣರು 9.8 ಎಂದೇ ತರುತ್ತಿರಲಿಲ್ಲ. 9.77 ತರುತ್ತಿದ್ದರು. ನೋಡಿದವರಿಗೆ ನಂಬಿಕೆ ಬರಲಿ ಎಂದು ಒಂದಿಷ್ಟು ತಪ್ಪು. ಎಕ್ಸ್‌ಟರ್ನಲ್ ಆಗಿ ಬಂದ ಮೇಷ್ಟ್ರು ರೆಕಾರ್ಡ್ ತಿರುವಿ ನೋಡಿ, ಮೀಸೆಯಡಿ ನಕ್ಕು, ಅಂಕ ಕೊಟ್ಟು ಹೋಗುತ್ತಿದ್ದರು. ತಾವು ಹುಡುಗರಾಗಿದ್ದಾಗ ಅವರು ಮಾಡಿದ್ದೂ ಅದೇ.

ಅಲ್ಲಿ ಬಿಳಿ ಕೋಟಿತ್ತು, ಸಿಲೆಬಸ್ ಇತ್ತು, ಸರಿಯಾದ ಉತ್ತರವಿತ್ತು. ಇಲ್ಲದಿದ್ದದ್ದು ಪ್ರಯೋಗ ಒಂದೇ. ಉತ್ತರ ಗೊತ್ತಿದ್ದು ಕೇಳಿದ ಪ್ರಶ್ನೆ ಅದು.

ಮಿಥ್‌ಬಸ್ಟರ್ಸ್ ನೋಡುವಾಗ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಇದೇ ಜಾಗ. 2009ರ ಸಂಚಿಕೆಯೊಂದರಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಒಂದು ಮಾತನ್ನು ಎತ್ತಿಕೊಂಡರು. ನೆಲಕ್ಕೆ ಸಮಾನಾಂತರವಾಗಿ ಹಾರಿಸಿದ ಬಂದೂಕಿನ ಗುಂಡು, ಅಷ್ಟೇ ಎತ್ತರದಿಂದ ಅದೇ ಕ್ಷಣಕ್ಕೆ ಕೈಬಿಟ್ಟ ಗುಂಡು, ಎರಡೂ ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ. ಮುಂದಕ್ಕೆ ಓಡುವ ವೇಗಕ್ಕೂ ಕೆಳಕ್ಕೆ ಬೀಳುವುದಕ್ಕೂ ಸಂಬಂಧವಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ಆದರೆ ನಿಜವಾದ ಬಂದೂಕು ತಂದು ನೋಡಿದ ಮೇಷ್ಟ್ರನ್ನು ನಾನು ಕಂಡಿಲ್ಲ (ತರದೇ ಇದ್ದದ್ದು ಒಳ್ಳೆಯದೇ ಆಯಿತು ಅನ್ನಿ). ಇವರು ತಂದರು. ಉದ್ದನೆಯ ಕಟ್ಟಡವೊಂದನ್ನು ಹಿಡಿದು, ಗುಂಡು ನಳಿಕೆ ಬಿಟ್ಟ ಗಳಿಗೆಗೇ ಇನ್ನೊಂದು ಕೆಳಗೆ ಬೀಳುವಂತೆ ಯಂತ್ರ ಕಟ್ಟಿ, ನೆಲ ಮುಟ್ಟುವ ಜಾಗ ಹುಡುಕಲು ಮತ್ತೆ ಮತ್ತೆ ಹಾರಿಸಿದರು. ಎರಡೂ ನೆಲ ಮುಟ್ಟಿದ ಅಂತರ ಸುಮಾರು 40 ಮಿಲಿಸೆಕೆಂಡು, ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅದನ್ನು ನೋಡಿ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಸೊನ್ನೆ ಬರಬೇಕಿತ್ತು” ಅಂದರು. ಆ 40 ಮಿಲಿಸೆಕೆಂಡನ್ನು ಅಳಿಸದೆ ತೋರಿಸಿದ್ದಕ್ಕೇ ನಾನು ಅವರಿಗೆ ಅಂಕ ಕೊಟ್ಟದ್ದು.

ಹಾಗಂತ ಅವರನ್ನು ಹೊತ್ತು ಮೆರೆಸಬೇಕಾಗಿಯೂ ಇಲ್ಲ. ಆಕಳಿಕೆಯ ಕಥೆ ಕೇಳಿ.

ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಅಂಟುತ್ತದೆ ಎನ್ನುತ್ತಾರಲ್ಲ, ಅದನ್ನು ಪರೀಕ್ಷಿಸಿದರು. ಐವತ್ತು ಜನರನ್ನು ಕರೆತಂದು, ವಿಷಯ ಹೇಳದೆ, ಕೋಣೆಯಲ್ಲಿ ಕೂರಿಸಿ ಗುಟ್ಟಾಗಿ ಕ್ಯಾಮೆರಾ ಇಟ್ಟರು. 34 ಜನರ ಎದುರು ತಂಡದವರು ಬೇಕೆಂದೇ ಆಕಳಿಸಿದರು. ಉಳಿದ 16 ಜನರ ಎದುರು ಆಕಳಿಸಲಿಲ್ಲ. ಮೊದಲ ಗುಂಪಿನ 34ರಲ್ಲಿ 10 ಮಂದಿ ಆಕಳಿಸಿದರು, ಅಂದರೆ ಶೇಕಡಾ 29. ಎರಡನೆಯ ಗುಂಪಿನ 16ರಲ್ಲಿ 4 ಮಂದಿ, ಅಂದರೆ ಶೇಕಡಾ 25. ಶೇಕಡಾ 29 ದೊಡ್ಡದಲ್ಲವೇ? ಹಾಕು ಮುದ್ರೆ: ಕನ್ಫರ್ಮ್ಡ್!

ಇಲ್ಲಿ ಭಾವ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದರು. ಆ ಹದಿನಾರು ಜನರಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಹಿಂದಿನ ರಾತ್ರಿ ನಿದ್ದೆಗೆಟ್ಟವನು ಬಾಯಿ ತೆರೆದಿದ್ದರೆ 16ಕ್ಕೆ 5, ಶೇಕಡಾ 31. ಆಗ ಎದುರಿಗೆ ಆಕಳಿಸಿದರೆ ಜನರ ಆಕಳಿಕೆ ಕಡಿಮೆಯಾಗುತ್ತದೆ ಎಂದು ಹೇಳಬೇಕಾಗುತ್ತಿತ್ತು. ಒಬ್ಬ ಅನಾಮಿಕನ ಒಂದು ದವಡೆಯ ಮೇಲೆ ನಿಂತ ಸತ್ಯ ಅದು. ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ಈಗಲೂ ಇದೇ ಅಂಕಿಗಳನ್ನು ತರಗತಿಯಲ್ಲಿ ಬರೆದು, ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬಂದೀತು ಎಂದು ಹುಡುಗರಿಗೆ ಲೆಕ್ಕ ಮಾಡಿಸುತ್ತಾರೆ. ಐವತ್ತು ಕಾಗದದ ಚೀಟಿ ಮಾಡಿ, ಹದಿನಾಲ್ಕರ ಮೇಲೆ ‘ಆಕಳಿಕೆ’ ಎಂದು ಬರೆದು, ಕಲಸಿ, ಕಣ್ಣುಮುಚ್ಚಿ 34 ಮತ್ತು 16ರ ಎರಡು ಗುಡ್ಡೆ ಮಾಡಿ ನೋಡಿ. ಎರಡಕ್ಕೊಂದು ಸಲದ ಅಂದಾಜಿಗೆ ದೊಡ್ಡ ಗುಡ್ಡೆಯಲ್ಲಿ ಹತ್ತೋ ಅದಕ್ಕಿಂತ ಹೆಚ್ಚೋ ಬಂದೇ ಬರುತ್ತವೆ. ಚೀಟಿಗಳಿಗೆ ನಿದ್ದೆ ಬರುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಅಂಟುವುದೂ ಇಲ್ಲ.

ಇದರಲ್ಲಿ ಒಂದು ಕುಚೋದ್ಯವಿದೆ. ಆಕಳಿಕೆ ಅಂಟುತ್ತದೆ ಎಂಬುದು ನಿಜ. ಬೇರೆಯವರು ಬೇರೆ ಬಗೆಯಲ್ಲಿ ಸಾಕಷ್ಟು ಚೆನ್ನಾಗಿ ತೋರಿಸಿದ್ದಾರೆ. ಈ ಪ್ಯಾರಾ ಓದುವಷ್ಟರಲ್ಲಿ ನಿಮಗೇ ಬಂದಿರಬಹುದು. (ಬರಹದ ಬೇಸರಕ್ಕೆ ಬಂದದ್ದೋ ಪದದ ಪ್ರಭಾವಕ್ಕೆ ಬಂದದ್ದೋ ಎಂದು ತಿಳಿಯಲು, ಇಷ್ಟೇ ಬೇಸರದ, ಆದರೆ ಆಕಳಿಕೆಯ ಸುದ್ದಿಯಿಲ್ಲದ ಇನ್ನೊಂದು ಪ್ರಬಂಧ ಬರೆಯಬೇಕಾಗುತ್ತದೆ.) ಅಂದರೆ ಟೀವಿಯವರ ಉತ್ತರ ಸರಿ, ದಾರಿ ಪೊಳ್ಳು. ಥೇಟು ನಮ್ಮ 9.77. ಆ ದಿನ ಅವರು ವಿಜ್ಞಾನಿಗಳಾಗಿರಲಿಲ್ಲ, ಪಿಯು ಹುಡುಗರಾಗಿದ್ದರು.

ಇನ್ನೊಂದು ದಿನ ಅವರು ಪುಂಡ ಹುಡುಗರೂ ಆಗಿದ್ದರು. 2011ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡಬ್ಲಿನ್ ಎಂಬ ಊರಿನ ಹತ್ತಿರ, ಪೊಲೀಸರ ಬಾಂಬು ಪರೀಕ್ಷಾ ಬಯಲಿನಲ್ಲಿ ಫಿರಂಗಿ ಹಾರಿಸಿದರು. ಗುಂಡು ಗುರಿ ತಪ್ಪಿ, ಊರೊಳಗೆ ಬಂದು, ಒಂದು ಮನೆಯ ಬಾಗಿಲಿನಿಂದ ಒಳಹೊಕ್ಕು, ಜನ ಮಲಗಿದ್ದ ಕೋಣೆಯ ಗೋಡೆ ಸೀಳಿ ಹೊರಬಿದ್ದು, ರಸ್ತೆ ದಾಟಿ, ಇನ್ನೊಂದು ಮನೆಯ ಮಾಡಿಗೆ ಬಡಿದು, ನಿಂತಿದ್ದ ಮಿನಿವ್ಯಾನಿನ ಗಾಜು ಒಡೆದು ಅದರೊಳಗೆ ವಿಶ್ರಮಿಸಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇದನ್ನು ವಿಜ್ಞಾನದ ಲೆಕ್ಕಕ್ಕೆ ಬರೆಯಬೇಕೋ ಬೇಡವೋ ಎಂದು ಭಾವನನ್ನು ಕೇಳಿದೆ. “ಲ್ಯಾಬಲ್ಲಿ ಆಗೋ ಅನಾಹುತವೆಲ್ಲ ವಿಜ್ಞಾನಿಗಳೇ ಮಾಡೋದು” ಅಂದರು. ಈ ಒಂದು ವಿಷಯದಲ್ಲಿ ಅವರಿಗೆ ಟೀವಿಯವರ ಮೇಲೆ ಕನಿಕರವಿದೆ. ಅದರ ಹಿಂದೆ ರಸಾಯನಶಾಸ್ತ್ರ ವಿಭಾಗದ ಒಂದು ಹಳೇ ಕಥೆ ಇದೆಯಂತೆ, ಬಿಡಿಸಿ ಹೇಳುವುದಿಲ್ಲ.

ನನ್ನ ಮಟ್ಟಿಗೆ ಅವರು ವಿಜ್ಞಾನಿಗಳಾದದ್ದು ಸೋತ ಒಂದು ಪ್ರಯೋಗದಲ್ಲಿ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ರೋಮನ್ನರು ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರಕ್ಕೆ ಮುತ್ತಿಗೆ ಹಾಕಿದಾಗ ಆರ್ಕಿಮಿಡೀಸ್ ಕನ್ನಡಿಗಳಿಂದ ಬಿಸಿಲನ್ನು ಒಂದೇ ಕಡೆಗೆ ತಿರುಗಿಸಿ ವೈರಿಗಳ ಹಡಗು ಸುಟ್ಟ ಎಂಬ ಕಥೆಯಿದೆ. 2004ರಲ್ಲಿ ಮಾಡಿ ನೋಡಿದರು, ಹಡಗು ಹೊತ್ತಿಕೊಳ್ಳಲಿಲ್ಲ. ಬಸ್ಟೆಡ್ ಅಂದರು. ನೋಡುಗರು ಸುಮ್ಮನಿರುತ್ತಾರೆಯೇ? ನೀವು ಮಾಡಿದ್ದೇ ಸರಿಯಿಲ್ಲ ಎಂದು ಪತ್ರ ಬರೆದರು. 2005ರಲ್ಲಿ ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ವಿದ್ಯಾರ್ಥಿಗಳು ಅಡಿಗೊಂದಡಿ ಅಳತೆಯ 127 ಕನ್ನಡಿಗಳನ್ನು ಜೋಡಿಸಿ, ನೂರು ಅಡಿ ದೂರದಲ್ಲಿಟ್ಟ ಮರದ ಹಡಗಿನ ಮಾದರಿಗೆ ಬೆಂಕಿ ಹೊತ್ತಿಸಿಯೇಬಿಟ್ಟರು. ಟೀವಿಯವರು ಮುಖ ಮುಚ್ಚಿಕೊಳ್ಳಲಿಲ್ಲ. ಅದೇ ವಿದ್ಯಾರ್ಥಿಗಳನ್ನು ಕರೆಸಿ, ನೀರಿನ ಮೇಲೆ ತೇಲುವ ನಿಜವಾದ ಹಳೇ ದೋಣಿ ಕೊಟ್ಟು, ಈಗ ಸುಡಿ ಅಂದರು. ದೂರದಿಂದ ಒಂದಿಷ್ಟು ಕರಿಕಾಯಿತು. ಹತ್ತಿರ ತಂದಾಗ ಸಣ್ಣ ಜ್ವಾಲೆ. ಯುದ್ಧಕ್ಕೆ ಸಾಲದು. ಮತ್ತೆ ಬಸ್ಟೆಡ್. ಅಷ್ಟಕ್ಕೂ ಮುಗಿಯಲಿಲ್ಲ. 2010ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ತಾವೇ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು ಇನ್ನೊಮ್ಮೆ ನೋಡಿ ಎಂದರು. ನೂರಾರು ಜನರ ಕೈಗೆ ಕನ್ನಡಿ ಕೊಟ್ಟು ನಿಲ್ಲಿಸಿ ಮೂರನೆಯ ಸಲ ಮಾಡಿದರು. ಹಡಗಿನ ಮೇಲೆ ನಿಂತವನು ಜೇಮಿ, ಟೋಪಿ ಮೀಸೆ ಸಮೇತ. ಬೆಂಕಿ ಬರಲಿಲ್ಲ.

ಮೂರು ಸಲ ಅದೇ ಪ್ರಶ್ನೆ. ಪ್ರತಿ ಸಲವೂ ಸೋಲು, ಆದರೆ ಮೊದಲನೆಯದರ ನಂತರ ಮತ್ತೆ ನೋಡಿ ಎಂದವರ ಮಾತನ್ನು ಒಪ್ಪಿಕೊಂಡು. ಉತ್ತರ ಸರಿಯೋ ತಪ್ಪೋ ಎನ್ನುವುದು ಇತಿಹಾಸಕಾರರಿಗೆ ಇರಲಿ. ಟೀವಿ ಕಾರ್ಯಕ್ರಮಕ್ಕೆ ಸುಡದ ಹಡಗಿಗಿಂತ ನೀರಸ ದೃಶ್ಯ ಇನ್ನೊಂದಿಲ್ಲ. ಒಂದು ಲೀಟರ್ ಪೆಟ್ರೋಲು ಸುರಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮೂರನೆಯ ಸಲದ ಕೊನೆಯಲ್ಲಿ ಜೇಮಿ ಒಂದು ಮಾತು ಸೇರಿಸಿದ: ಬೆಂಕಿಯ ಮಾತು ಇರಲಿ, ಅಷ್ಟು ಕನ್ನಡಿಗಳ ಬೆಳಕು ಮುಖಕ್ಕೆ ಬಡಿದಾಗ ಹಡಗಿನಲ್ಲಿದ್ದ ತನಗೆ ಕಣ್ಣೇ ಕಾಣಲಿಲ್ಲ. ಬಹುಶಃ ಆರ್ಕಿಮಿಡೀಸನ ಕನ್ನಡಿಗಳ ಕೆಲಸ ಸುಡುವುದಲ್ಲ, ಕಣ್ಣು ಕುಕ್ಕಿಸುವುದು ಇದ್ದೀತು.

ಭಾವ ನೆಟ್ಟಗೆ ಕೂತರು. ಸಿರಾಕ್ಯೂಸಿನ ಸಮುದ್ರ ಊರಿಗೆ ಪೂರ್ವಕ್ಕಿದೆಯಲ್ಲ, ಕನ್ನಡಿ ಹಿಡಿಯಬೇಕಾದರೆ ಬೆಳಗ್ಗೆಯೇ ಹಿಡಿಯಬೇಕು, ಬೆಳಗಿನ ಬಿಸಿಲಿಗೆ ಕಾವು ಎಷ್ಟಿರುತ್ತೆ, ಆ ಕಾಲದಲ್ಲಿ ಗಾಜಿನ ಕನ್ನಡಿ ಎಲ್ಲಿತ್ತು, ಕಂಚನ್ನು ಉಜ್ಜಿ ಹೊಳಪು ಕೊಟ್ಟದ್ದಾದರೆ ಎಷ್ಟು ಬೆಳಕು ವಾಪಸ್ಸು ಬರುತ್ತೆ ಎಂದೆಲ್ಲ ಕೇಳತೊಡಗಿದರು. ಅಕ್ಕ ಈ ಸಲ ರಿಮೋಟು ಕಿತ್ತುಕೊಂಡು ಧಾರಾವಾಹಿ ಹಾಕಿದಳು. ಭಾವನಿಗೆ ಅದು ಗೊತ್ತಾಗಲೇ ಇಲ್ಲ. ಒಳಗೆ ಹೋಗಿ ಪೂಜೆಯ ಕಂಚಿನ ತಟ್ಟೆ ಎಲ್ಲಿಟ್ಟಿದ್ದೀಯಾ ಎಂದು ಕೂಗಿ ಕೇಳುತ್ತಿದ್ದರು.