ಹಾಡು ಕಟ್ಟುವುದನ್ನು ಕಲಿಯಿರಿ, ಅದು ನಿಮ್ಮದೆಂದು ಬರೆಸುವುದನ್ನೂ ಕಲಿಯಿರಿ

ಸ್ವಂತವಾಗಿ ಹಾಡು ಬರೆದು, ರಾಗ ಹಾಕಿ, ಯಾವ ಕಂಪನಿಯ ಹಂಗೂ ಇಲ್ಲದೆ ಬಿಡುಗಡೆ ಮಾಡಬೇಕೆಂದಿರುವ ಹೊಸಬರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಯಾವ ಮೈಕ್ ಒಳ್ಳೆಯದು? ಯಾವ ಸಾಫ್ಟ್‌ವೇರ್ ಬೇಕು? ಎಲ್ಲಿ ಕಲಿಯಬೇಕು? ಹೊರಬಂದ ಹಾಡು ಯಾರದ್ದೆಂದು ಎಲ್ಲಿ ದಾಖಲಾಗುತ್ತದೆ ಎಂದು ಕೇಳುವವರು ಬಹಳ ಅಪರೂಪ. ಅಂತರಜಾಲದಲ್ಲಿ ಈ ಎರಡೂ ಬಗೆಯ ಪ್ರಶ್ನೆಗಳಿಗೆ ಒಳ್ಳೆಯ ಉತ್ತರಗಳಿವೆ, ಬಹುಪಾಲು ಉಚಿತವಾಗಿಯೇ ಇವೆ. ಆದರೆ ಮೊದಲನೆಯದರ ಸುತ್ತ ಜಾತ್ರೆ ನೆರೆದಿದೆ, ಎರಡನೆಯದರ ಕಡೆ ಯಾರೂ ತಲೆ ಹಾಕುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಕಲಿಕೆಯ ಮಾತು. ಸಂಗೀತದ ವ್ಯಾಕರಣ ಗೊತ್ತಿಲ್ಲವೆಂದು ಹಿಂಜರಿಯುವವರು ಮ್ಯೂಸಿಕ್‌ಥಿಯರಿ ಡಾಟ್ ನೆಟ್ ತಾಣಕ್ಕೆ ಹೋಗಲಿ. ಸ್ವರ, ಮೇಳ, ಸ್ವರಾಂತರ ಎಲ್ಲವನ್ನೂ ಪುಟ್ಟ ಪುಟ್ಟ ಪಾಠಗಳಲ್ಲಿ ಹೇಳಿಕೊಡುತ್ತದೆ, ಕಿವಿ ಪಳಗಿಸುವ ಅಭ್ಯಾಸಗಳೂ ಅಲ್ಲಿವೆ. ಓದುವುದಕ್ಕಿಂತ ಕೈಯಾಡಿಸಿ ಕಲಿಯುವುದು ಇಷ್ಟವಿದ್ದರೆ ಏಬಲ್‌ಟನ್ ಕಂಪನಿಯ ಲರ್ನಿಂಗ್ ಮ್ಯೂಸಿಕ್ ತಾಣ ಇದೆ. ಬ್ರೌಸರಿನಲ್ಲೇ ಚೌಕಗಳು ತೆರೆದುಕೊಳ್ಳುತ್ತವೆ. ಒಂದನ್ನು ಮುಟ್ಟಿದರೆ ತಾಳ ಹುಟ್ಟುತ್ತದೆ, ಇನ್ನೊಂದನ್ನು ಮುಟ್ಟಿದರೆ ಅದರ ಗುಣವೇ ಬದಲಾಗುತ್ತದೆ. ಏನನ್ನೂ ಕೊಳ್ಳಬೇಕಾಗಿಲ್ಲ, ಅನುಸ್ಥಾಪಿಸಬೇಕಾಗಿಲ್ಲ.

ಸಾಹಿತ್ಯದ ವಿಚಾರದಲ್ಲಿ ನಾನು ಎಲ್ಲರಿಗೂ ಹೇಳುವುದು ಬರ್ಕ್ಲೀ ಸಂಗೀತ ಕಾಲೇಜಿನವರು ಕೋರ್ಸೆರಾ ಎಂಬ ಕಲಿಕೆಯ ತಾಣದಲ್ಲಿ ಇಟ್ಟಿರುವ ಗೀತರಚನೆಯ ಪಾಠಗಳ ಬಗ್ಗೆ. ಅವನ್ನು ನಡೆಸಿಕೊಡುವವರು ಪ್ಯಾಟ್ ಪ್ಯಾಟಿಸನ್. ಅವರು ಒಂದು ಅಭ್ಯಾಸವನ್ನು ಒತ್ತಿ ಹೇಳುತ್ತಾರೆ: ಒಂದು ವಸ್ತುವನ್ನು ಆರಿಸಿಕೊಂಡು, ಗಡಿಯಾರ ಇಟ್ಟು ಹತ್ತು ನಿಮಿಷ ಬರೆಯಬೇಕು. ಕಣ್ಣಿಗೆ ಕಂಡದ್ದಷ್ಟೇ ಸಾಲದು. ಕಿವಿ, ಮೂಗು, ನಾಲಗೆ, ಚರ್ಮ ಇವಕ್ಕೆ ತಿಳಿದದ್ದು, ಮೈಯೊಳಗೆ ಆದದ್ದು, ಚಲನೆಯಲ್ಲಿ ಅನುಭವಕ್ಕೆ ಬಂದದ್ದು ಎಲ್ಲವೂ ಬರಬೇಕು. ಉದಾಹರಣೆಗೆ ಬಾಗಿಲ ಚಿಲಕ ಎಂದಿಟ್ಟುಕೊಳ್ಳಿ. 'ಹಳೆಯ ಚಿಲಕ, ತುಕ್ಕು ಹಿಡಿದಿದೆ' ಎಂದು ಎಲ್ಲರೂ ಬರೆಯುತ್ತಾರೆ. ನಾಲ್ಕನೆಯ ನಿಮಿಷ ದಾಟಿದ ಮೇಲೆ ಬೆರಳಿಗೆ ತಾಗಿದ ಕಬ್ಬಿಣದ ತಣ್ಣನೆ, ಕೈಯಲ್ಲಿ ಉಳಿದ ಲೋಹದ ವಾಸನೆ, ಸದ್ದಾಗದಂತೆ ಸರಿಸುವಾಗ ಬಿಗಿಹಿಡಿದ ಉಸಿರು ಬರತೊಡಗುತ್ತವೆ. ಆ ಉಸಿರಿನಲ್ಲಿ ಹಾಡಿದೆ. ಯಾರೋ ಮನೆ ಬಿಟ್ಟು ಹೋಗುತ್ತಿದ್ದಾರೆ ಅಥವಾ ತಡವಾಗಿ ಮರಳಿದ್ದಾರೆ ಎಂಬುದು ಆಗಲೇ ನಿಮಗೂ ಗೊತ್ತಾಗುವುದು.

ಅದೇ ಪಾಠಗಳಲ್ಲಿ ಸಾಲುಗಳ ಸಂಖ್ಯೆ, ಉದ್ದ, ಲಯ, ಪ್ರಾಸದ ಜೋಡಣೆ, ಪ್ರಾಸದ ಬಗೆ ಈ ಐದರಿಂದ ಚರಣವೊಂದು ಹೇಗೆ ನೆಲೆ ನಿಲ್ಲುತ್ತದೆ ಅಥವಾ ತೂಗಾಡುತ್ತದೆ ಎಂಬ ವಿವರಣೆ ಇದೆ. ಅಗಲಿಕೆಯ ಹಾಡಿಗೆ ಅಚ್ಚುಕಟ್ಟಾದ ನಾಲ್ಕು ಸಾಲು, ತುಂಬು ಪ್ರಾಸ ಕೊಟ್ಟರೆ ನೋವು ಅಲ್ಲೇ ಮುಗಿದುಹೋದಂತೆ ಕೇಳುತ್ತದೆ. ನಾಲ್ಕನೆಯ ಸಾಲನ್ನು ಕೊಡದೆ ನಿಲ್ಲಿಸಿ ನೋಡಿ, ಕೇಳುವವರ ಕಿವಿ ಕಾಯುತ್ತಲೇ ಇರುತ್ತದೆ. ಇದು ಯಾವ ಭಾಷೆಯ ಹಾಡಿಗೂ ಹೊಂದುವ ಮಾತು. ಪ್ರಾಸ ಹುಡುಕಿಕೊಡುವ ತಾಣಗಳು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರೆಯುವವರಿಗೆ. ಉಳಿದವರು ಸ್ವಂತ ಪಟ್ಟಿಯೊಂದನ್ನು ಬೆಳೆಸುತ್ತಾ ಹೋಗಬೇಕು, ಅದರಲ್ಲಿ ನಷ್ಟವೇನೂ ಇಲ್ಲ.

ಕಲಿಕೆಗೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಒಂದು ಪಾಡ್‌ಕಾಸ್ಟನ್ನು. ಹೃಷಿಕೇಶ್ ಹಿರ್ವೆ 2014ರಲ್ಲಿ ಶುರು ಮಾಡಿದ ಸಾಂಗ್ ಎಕ್ಸ್‌ಪ್ಲೋಡರ್. ಅದರಲ್ಲಿ ಕಲಾವಿದರು ತಮ್ಮದೇ ಒಂದು ಹಾಡನ್ನು ಪದರ ಪದರವಾಗಿ ಬಿಡಿಸಿ ಕೇಳಿಸುತ್ತಾರೆ: ಬರೀ ತಾಳ, ಬರೀ ಕಂಠ, ಫೋನಿನಲ್ಲಿ ಗುನುಗಿಟ್ಟುಕೊಂಡ ಮೊದಲ ಕರಡು. ಕೊನೆಯಲ್ಲಿ ಇಡೀ ಹಾಡು ಬರುತ್ತದೆ. ಸಾಲು ಹೇಗೆ ಬದಲಾಯಿತು, ಯಾವ ವಾದ್ಯವನ್ನು ತೆಗೆದುಹಾಕಿದರು ಎಂಬುದನ್ನು ಮಾಡಿದವರ ಬಾಯಲ್ಲೇ ಕೇಳುವುದಕ್ಕೂ 'ಐದು ಸೂತ್ರಗಳು' ಎಂಬ ವಿಡಿಯೊ ನೋಡುವುದಕ್ಕೂ ಅಜಗಜಾಂತರ. ಸೂತ್ರದ ವಿಡಿಯೊಗಳನ್ನು ದಿನಗಟ್ಟಲೆ ನೋಡಿದರೆ ಕಲಿತ ಭಾವ ಬರುತ್ತದೆಯೇ ಹೊರತು ಹಾಡು ಮುಗಿಯುವುದಿಲ್ಲ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಡು ಮುದ್ರಿಸಲು 2000ದಿಂದಲೂ ಉಚಿತವಾಗಿ ಸಿಗುತ್ತಿರುವ ಆಡಾಸಿಟಿ, ಆಪಲ್ ಸಾಧನವಿದ್ದವರಿಗೆ ಗ್ಯಾರೇಜ್‌ಬ್ಯಾಂಡ್, ಫೋನೇ ಗತಿಯಾದವರಿಗೆ ಬ್ಯಾಂಡ್‌ಲ್ಯಾಬ್, ಸ್ವರಲಿಪಿ ಬರೆಯಲು ಮ್ಯೂಸ್‌ಸ್ಕೋರ್. ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಉಳಿಯಿರಿ. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಮುದ್ರಣಕ್ಕೆ ಕೊನೆಯ ಹದ ಕೊಡುವ ವೇಳೆ ಹಾಡನ್ನು ವಿಪರೀತ ಜೋರಾಗಿಸುವ ಹುಚ್ಚು ಮಾತ್ರ ಬೇಡ. ಸ್ಪಾಟಿಫೈ ಹೇಗಿದ್ದರೂ ಎಲ್ಲ ಹಾಡುಗಳನ್ನು ಸದ್ದಿನ ಜೋರು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ನುಡಿಸುತ್ತದೆ. ನೀವು ಹಿಂಡಿ ಹೆಚ್ಚಿಸಿದ ಜೋರು ಅಲ್ಲಿ ಇಳಿದುಹೋಗುತ್ತದೆ, ಹಿಂಡಿದ್ದರಿಂದ ಆದ ಹಾನಿ ಮಾತ್ರ ಉಳಿಯುತ್ತದೆ. ಲೌಡ್‌ನೆಸ್ ಪೆನಾಲ್ಟಿ ಎಂಬ ತಾಣಕ್ಕೆ ಹಾಡಿನ ಕಡತ ಕೊಟ್ಟರೆ ಯಾವ ಸೇವೆ ಎಷ್ಟು ಇಳಿಸುತ್ತದೆ ಎಂದು ಅದೇ ಹೇಳುತ್ತದೆ.

ಮಳೆ, ರೈಲು, ಜನಜಂಗುಳಿ ಮೊದಲಾದ ಸದ್ದುಗಳು ಬೇಕಾದವರಿಗೆ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಹುಟ್ಟಿದ ಫ್ರೀಸೌಂಡ್ ಒಂದು ಭಂಡಾರ. ಆದರೆ ಇಲ್ಲಿಂದಲೇ ನನ್ನ ಎರಡನೆಯ ವಿಷಯ ಆರಂಭವಾಗುತ್ತದೆ. ಅಲ್ಲಿನ ಪ್ರತಿ ಸದ್ದಿನ ಪಕ್ಕದಲ್ಲೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಗುರುತು ಇರುತ್ತದೆ. ಕೆಲವಕ್ಕೆ ಷರತ್ತೇ ಇಲ್ಲ, ಕೆಲವಕ್ಕೆ ಮಾಡಿದವರ ಹೆಸರು ಹಾಕಬೇಕು, ಕೆಲವನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲ. ಮೂರನೆಯ ಬಗೆಯ ಸದ್ದನ್ನು ಮಾರಾಟದ ಹಾಡಿಗೆ ಹಾಕಿಬಿಟ್ಟರೆ ತೊಂದರೆ ನಿಮ್ಮದೇ. ಸಾಫ್ಟ್‌ವೇರ್ ಜೊತೆಗೆ ಬರುವ ಸಿದ್ಧ ಲೂಪುಗಳದ್ದು, ಅಂದರೆ ಮತ್ತೆ ಮತ್ತೆ ನುಡಿಸಬಹುದಾದ ಸಂಗೀತದ ತುಣುಕುಗಳದ್ದು, ಇನ್ನೊಂದು ಕತೆ. ಅವನ್ನು ಬಳಸಿ ಹಾಡು ಬಿಡುಗಡೆ ಮಾಡಬಹುದು, ಆದರೆ ಯಾರ ಹಾಡು ಎಲ್ಲಿ ಬಳಕೆಯಾಗಿದೆ ಎಂದು ಪತ್ತೆಹಚ್ಚುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಅಂಥ ಹಾಡನ್ನು ಸೇರಿಸುವಂತಿಲ್ಲ. ಅದೇ ಲೂಪನ್ನು ಸಾವಿರಾರು ಜನ ಬಳಸಿರುತ್ತಾರೆ, ಅದರ ಮೇಲೆ ನಿಮಗೊಬ್ಬರಿಗೇ ಹಕ್ಕಿರುವುದಿಲ್ಲ.

ಹಾಡಿನಲ್ಲಿ ಹಕ್ಕುಗಳು ಎರಡು. ಸಾಹಿತ್ಯ ಮತ್ತು ರಾಗ ಸೇರಿದ ಕೃತಿಯದ್ದು ಒಂದು, ಅದರ ಧ್ವನಿಮುದ್ರಣದ್ದು ಇನ್ನೊಂದು. ಒಂದೇ ಹಾಡನ್ನು ಹತ್ತು ಜನ ಹಾಡಿ ಮುದ್ರಿಸಿದರೆ ಕೃತಿ ಒಂದೇ, ಮುದ್ರಣಗಳು ಹತ್ತು. ಇಷ್ಟು ತಿಳಿದರೆ ಉಳಿದದ್ದೆಲ್ಲ ಸಲೀಸು. ಕೃತಿಯ ಹಕ್ಕು ಪಡೆಯಲು ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. 1886ರ ಬರ್ನ್ ಒಪ್ಪಂದದಲ್ಲಿ ಇಂದು 180ಕ್ಕೂ ಹೆಚ್ಚು ದೇಶಗಳಿವೆ, ಅದರ ಪ್ರಕಾರ ಕೃತಿ ರಚಿಸಿದವರ ಹಕ್ಕಿಗೆ ನೋಂದಣಿಯ ಷರತ್ತು ಹಾಕುವಂತಿಲ್ಲ. ಆದರೆ ಹಕ್ಕು ಇರುವುದು ಬೇರೆ, ತಕರಾರು ಬಂದಾಗ ತೋರಿಸುವುದು ಬೇರೆ. ಆದ್ದರಿಂದ ದಿನಾಂಕವಿರುವ ಕರಡುಗಳನ್ನೂ ಗುನುಗಿದ ಮೊದಲ ಮುದ್ರಣಗಳನ್ನೂ ಅಳಿಸಬೇಡಿ.

ಕೃತಿಗೆ ಹಣ ಹೇಗೆ ಬರತೊಡಗಿತು ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1847ರಲ್ಲಿ ಪ್ಯಾರಿಸ್ಸಿನ ಒಂದು ಸಂಗೀತ ಕೆಫೆಯಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ರಚನಕಾರ ತನ್ನ ಕೃತಿ ನುಡಿಯುತ್ತಿರುವುದನ್ನು ಕೇಳಿದ. ನನ್ನ ಹಾಡಿಗೆ ನೀವು ಕೊಡುವುದಿಲ್ಲವಾದರೆ ಕುಡಿದದ್ದಕ್ಕೆ ನಾನೂ ಕೊಡುವುದಿಲ್ಲ ಎಂದು ಪಟ್ಟು ಹಿಡಿದ. ವಿಷಯ ನ್ಯಾಯಾಲಯಕ್ಕೆ ಹೋಯಿತು, ರಚನಕಾರನ ಪಕ್ಷ ಗೆದ್ದಿತು. 1851ರಲ್ಲಿ ಹುಟ್ಟಿದ ರಚನಕಾರರ ಪರವಾಗಿ ಹಣ ಸಂಗ್ರಹಿಸುವ ಸಾಸೆಮ್ ಎಂಬ ಸಂಘದ ಬೇರು ಅಲ್ಲಿದೆ. ಇಂದು ಇಂಥ ಸಂಘಗಳು ಬಹುತೇಕ ದೇಶಗಳಲ್ಲಿವೆ, ಅವೆಲ್ಲವನ್ನೂ ಕೂಡಿಸುವ ಒಕ್ಕೂಟ ಸಿಸಾಕ್. ನಿಮ್ಮ ಸಂಘ ಯಾವುದೆಂದು ತಿಳಿಯದಿದ್ದರೆ ಸಿಸಾಕ್ ತಾಣದ ಸದಸ್ಯರ ಪಟ್ಟಿ ನೋಡಿ. ಹಾಡು ರೇಡಿಯೊದಲ್ಲಿ, ವೇದಿಕೆಯಲ್ಲಿ, ಸ್ಟ್ರೀಮಿಂಗಿನಲ್ಲಿ ನುಡಿದಾಗ ರಚನಕಾರರಿಗೆ ಸಲ್ಲುವ ರಾಯಧನ ಈ ಸಂಘಗಳ ಮೂಲಕ ಬರುತ್ತದೆ. ಹಾಡನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ವಿತರಕರು ಕೊಡುವುದು ಮುದ್ರಣದ ಹಣ. ವಿತರಕರಿಗೆ ಹಾಡು ಕೊಟ್ಟ ಮಾತ್ರಕ್ಕೆ ಎಲ್ಲ ಹಣವೂ ಬರುತ್ತದೆಂದು ನಂಬಿ ಕುಳಿತವರು ಎಷ್ಟು ಜನ! ಕೃತಿಯ ಪಾಲು ಅವರ ಹೆಸರಿಗಾಗಿ ಕಾಯುತ್ತಿರುತ್ತದೆ.

ಕಾಯುತ್ತಿರುತ್ತದೆ ಎಂಬುದು ಬರೀ ಮಾತಲ್ಲ. ಅಮೆರಿಕದಲ್ಲಿ 2018ರ ಕಾನೂನಿನ ಫಲವಾಗಿ, ಸ್ಟ್ರೀಮಿಂಗ್ ಕಂಪನಿಗಳಿಂದ ಕೃತಿಯ ರಾಯಧನ ಸಂಗ್ರಹಿಸಿ ಹಂಚುವ ಎಂಎಲ್‌ಸಿ ಎಂಬ ಸಂಸ್ಥೆ 2021ರಲ್ಲಿ ಕೆಲಸ ಶುರು ಮಾಡಿತು. ಯಾರಿಗೆ ಸೇರಬೇಕೆಂದು ಗೊತ್ತಾಗದೆ ಸ್ಟ್ರೀಮಿಂಗ್ ಕಂಪನಿಗಳ ಬಳಿ ಉಳಿದಿದ್ದ 42 ಕೋಟಿ ಡಾಲರಿಗೂ ಹೆಚ್ಚು ರಾಯಧನ ಆ ವರ್ಷ ಅದರ ಕೈ ಸೇರಿತು. ಅಷ್ಟು ಹಣ ಅನಾಥವಾಗಿದ್ದದ್ದು ಏಕೆ? ಬಹುಪಾಲು ಕಡೆ ಮುದ್ರಣದ ವಿವರ ಇತ್ತು, ಕೃತಿಕಾರರ ವಿವರ ಇರಲಿಲ್ಲ ಅಥವಾ ಹೊಂದುತ್ತಿರಲಿಲ್ಲ. ಎಂಎಲ್‌ಸಿಯ ದತ್ತಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಿ ನೋಡಬಹುದು.

ಈ ವಿವರಗಳು ತಪ್ಪುವುದು ಎಲ್ಲಿ ಎಂದರೆ ಅಪ್‌ಲೋಡ್ ಮಾಡುವ ನಮೂನೆಯಲ್ಲಿ. ಹಾಡಿನ ಕಡತ, ಮುಖಚಿತ್ರ ಎಲ್ಲವನ್ನೂ ಅಕ್ಕರೆಯಿಂದ ಹಾಕುತ್ತಾರೆ. ಆಮೇಲೆ 'ಗೀತರಚನೆ', 'ಸಂಗೀತ ಸಂಯೋಜನೆ' ಎಂಬ ಖಾನೆಗಳು ಬರುತ್ತವೆ. ಅಷ್ಟೊತ್ತಿಗೆ ರಾತ್ರಿಯಾಗಿರುತ್ತದೆ, ಬಿಡುಗಡೆಯ ಆತುರ ಇರುತ್ತದೆ. ತಂಡದ ಹೆಸರನ್ನೋ ಪ್ರೀತಿಯ ಅಡ್ಡಹೆಸರನ್ನೋ ತುಂಬಿಬಿಡುತ್ತಾರೆ. ಆ ಖಾನೆಗೆ ಬೇಕಾದದ್ದು ಸಂಘದಲ್ಲಿ ನೋಂದಾಯಿಸಿದ ಪೂರ್ಣ ಹೆಸರು, ಪ್ರತಿ ಸಲವೂ ಅದೇ ಕಾಗುಣಿತದಲ್ಲಿ. ಪಕ್ಕದಲ್ಲಿ ಐಎಸ್‌ಆರ್‌ಸಿ ಎಂಬ ಇನ್ನೊಂದು ಖಾನೆ. 12 ಅಕ್ಷರ ಮತ್ತು ಅಂಕಿಗಳ ಆ ಸಂಕೇತ ಮುದ್ರಣದ ಗುರುತು. ಇಲ್ಲದಿದ್ದರೆ ಸಾಮಾನ್ಯವಾಗಿ ವಿತರಕರೇ ಒಂದನ್ನು ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ನಾಳೆ ವಿತರಕರನ್ನು ಬದಲಿಸಿದರೂ ಅದೇ ಮುದ್ರಣಕ್ಕೆ ಅದೇ ಸಂಕೇತ ಹೋಗಬೇಕು. ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಬೇರೆಯದೇ ಸಂಕೇತ, ಅದು ಸಂಘದ ಮೂಲಕ ಬರುತ್ತದೆ. ಎರಡನ್ನೂ ಹುಡುಕಲು ಸಾರ್ವಜನಿಕ ತಾಣಗಳಿವೆ. ಮೊದಲನೆಯದನ್ನು ಧ್ವನಿಮುದ್ರಣ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಪಿಐ, ಎರಡನೆಯದನ್ನು ಸಿಸಾಕ್ ನಡೆಸುತ್ತವೆ.

ವಿತರಕರ ಆಯ್ಕೆಯಲ್ಲಿ ನಾನು ನೋಡುವುದು ಮುಖ್ಯವಾಗಿ ಹೊರಬರುವ ದಾರಿಯನ್ನು. ವರ್ಷ ವರ್ಷವೂ ಶುಲ್ಕ ಕಟ್ಟುವ ಯೋಜನೆಯಾದರೆ, ಕಟ್ಟದ ವರ್ಷ ಹಾಡು ಉಳಿಯುತ್ತದೆಯೋ ಅಳಿಯುತ್ತದೆಯೋ? ಒಮ್ಮೆ ಕಟ್ಟುವುದಾದರೆ ಆದಾಯದಲ್ಲಿ ಎಷ್ಟು ಪಾಲು ಕಡಿಯುತ್ತಾರೆ? ಕರಾರಿನಲ್ಲಿ ಈ ಎರಡು ಸಾಲು ಹುಡುಕಿ ಓದಿ, ಜಾಹೀರಾತನ್ನು ಆಮೇಲೆ ನೋಡಿದರಾಯಿತು.

ಇನ್ನು ಕೋಪ ಬರಿಸುವ ವಿಷಯ. ಹಾಡು ಹೊರಬಿದ್ದ ಮರುದಿನವೇ 'ಪ್ಲೇಲಿಸ್ಟಿಗೆ ಸೇರಿಸುತ್ತೇವೆ, ಇಷ್ಟು ಸ್ಟ್ರೀಮ್ ಖಚಿತ' ಎಂಬ ಸಂದೇಶಗಳು ಬರುತ್ತವೆ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಮುದ್ರಣಕ್ಕೆ ರಾಯಧನ ಲೆಕ್ಕ ಹಾಕುವುದಿಲ್ಲ. ಸಣ್ಣ ಕಲಾವಿದರಿಗೆ ಇದು ಅನ್ಯಾಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಗಡಿ ದಾಟುವ ಆಸೆಯೇ ಇಂಥ ವ್ಯಾಪಾರಿಗಳ ಬಂಡವಾಳ. ಯಂತ್ರಗಳಿಂದ ಕೇಳಿಸಿದ ಸ್ಟ್ರೀಮುಗಳು ಪತ್ತೆಯಾದರೆ ಸ್ಪಾಟಿಫೈ ವಿತರಕರಿಗೆ ದಂಡ ಹಾಕುತ್ತದೆ, ವಿತರಕರು ಅದನ್ನು ಕಲಾವಿದರ ತಲೆಗೆ ಕಟ್ಟುವುದೂ ಉಂಟು, ಹಾಡನ್ನೇ ತೆಗೆದುಹಾಕುವುದೂ ಉಂಟು. ಹಣ ಕೊಡದೆಯೇ ಮಾಡಬಹುದಾದ ಕೆಲಸ ಒಂದಿದೆ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಖಾತೆಯಿಂದ ಹಾಡನ್ನು ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಸಂಪಾದಕರಿಗೆ ಕಳುಹಿಸಿ. ಅವರು ಆರಿಸದಿದ್ದರೂ ನಿಮ್ಮನ್ನು ಹಿಂಬಾಲಿಸುವವರ ರಿಲೀಸ್ ರೇಡಾರ್ ಎಂಬ ಹೊಸ ಹಾಡುಗಳ ಪಟ್ಟಿಗೆ ಅದು ಸೇರುತ್ತದೆ.

ಕೇಳುಗರಿಂದ ನೇರವಾಗಿ ಹಣ ಪಡೆಯಲು ನಾನು ಮೆಚ್ಚುವುದು ಬ್ಯಾಂಡ್‌ಕ್ಯಾಂಪ್. 2008ರಿಂದ ಇದೆ. ಡಿಜಿಟಲ್ ಮಾರಾಟದಲ್ಲಿ ಶೇ. 15, ವಸ್ತುಗಳ ಮಾರಾಟದಲ್ಲಿ ಶೇ. 10 ಪಾಲು ತೆಗೆದುಕೊಳ್ಳುತ್ತದೆ, ಪಾವತಿಯ ವೆಚ್ಚ ಕಳೆದು ಉಳಿದದ್ದು ಕಲಾವಿದರಿಗೆ. ನಿಮ್ಮ ಹಾಡನ್ನು ನಿಜವಾಗಿ ಪ್ರೀತಿಸುವ ಐವತ್ತು ಜನ ಅಲ್ಲಿ ಕೊಂಡರೆ ಬರುವ ಹಣ, ಎಲ್ಲೋ ಹಿನ್ನೆಲೆಯಲ್ಲಿ ಸಾವಿರಾರು ಸಲ ನುಡಿದದ್ದಕ್ಕಿಂತ ಹೆಚ್ಚಾಗಬಹುದು.

ಕೊನೆಯದಾಗಿ ಪಾಲುಪಟ್ಟಿ. ಇಬ್ಬರು ಮೂವರು ಸೇರಿ ಹಾಡು ಕಟ್ಟಿದರೆ, ಎದ್ದು ಹೋಗುವ ಮುನ್ನ ಒಂದು ಹಾಳೆಯಲ್ಲಿ ಹಾಡಿನ ಹೆಸರು, ದಿನಾಂಕ, ಎಲ್ಲರ ಪೂರ್ಣ ಹೆಸರು, ಯಾರ ಪಾಲು ಶೇಕಡಾ ಎಷ್ಟು ಎಂಬುದನ್ನು ಬರೆದು ಎಲ್ಲರೂ ಸಹಿ ಹಾಕಿ. ಒಟ್ಟು ನೂರಕ್ಕೆ ಸರಿಹೊಂದಬೇಕು. ಕೃತಿಗೆ ಒಂದು, ಮುದ್ರಣಕ್ಕೆ ಇನ್ನೊಂದು. ಇದರ ಮಾದರಿಗಳು ಹಲವು ರಚನಕಾರರ ಸಂಘಗಳ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಸ್ನೇಹಿತರ ನಡುವೆ ಕಾಗದ ಏಕೆ ಎನ್ನುವವರಿಗೆ ನನ್ನ ಉತ್ತರ: ಸ್ನೇಹ ಉಳಿಯಲಿ ಎಂದೇ.

ಈಗಾಗಲೇ ಹಾಡು ಬಿಡುಗಡೆ ಮಾಡಿರುವವರು ಇವತ್ತೇ ಐಎಫ್‌ಪಿಐ ಮತ್ತು ಸಿಸಾಕ್ ತಾಣಗಳಲ್ಲಿ ನಿಮ್ಮ ಹೆಸರು ಹುಡುಕಿ ನೋಡಿ. ಮುದ್ರಣ ಸಿಕ್ಕಿ ಕೃತಿ ಸಿಗದಿದ್ದರೆ ನನಗೆ ಸಂದೇಶ ಕಳುಹಿಸಿ, ನೋಂದಣಿಗೆ ಯಾವ ವಿವರಗಳು ಬೇಕೆಂದು ಕೂತು ಹೇಳಿಕೊಡುತ್ತೇನೆ.