ಮಗುವಿನ ರಕ್ತಕ್ಕಿಂತ ಮೊದಲು ಮನೆಯ ನೆಲ ನೋಡಿ

ಮನೆಯಲ್ಲಿ ಸೀಸ ಅನ್ನುವ ವಿಷಲೋಹ ಇದೆ ಅನ್ನೋದು ಬಹಳ ಸಲ ಗೊತ್ತಾಗುವುದೇ ಮಗುವಿನ ರಕ್ತ ಪರೀಕ್ಷೆ ಮಾಡಿಸಿದ ಮೇಲೆ. ಅಂದರೆ ಮನೆ ಪರೀಕ್ಷಿಸಲು ಮಗುವನ್ನೇ ಮೀಟರು ಮಾಡಿಕೊಂಡಿದ್ದೇವೆ. ಇದು ಒಪ್ಪುವ ಮಾತಲ್ಲ. ಹುಡುಕಾಟ ಮನೆಯಿಂದಲೇ ಶುರುವಾಗಬೇಕು.

ಅಂಬೆಗಾಲಿಡುವ ಕೂಸಿನ ಅಂಗೈ ಒಮ್ಮೆ ಗಮನಿಸಿ. ಜೊಲ್ಲಿಗೆ ಒದ್ದೆಯಾದ ಕೈ ನೆಲಕ್ಕೆ ಊರುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ, ಅದೇ ಕೈ ಮತ್ತೆ ಬಾಯಿಗೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದು ಶೇ. 10ರ ಒಳಗೆ; ಚಿಕ್ಕ ಮಕ್ಕಳಲ್ಲಿ ಅದು ಶೇ. 40ರಿಂದ 50. ಹೊಟ್ಟೆ ಖಾಲಿ ಇದ್ದರೆ ಇನ್ನೂ ಹೆಚ್ಚು. ಕರುಳಿನಲ್ಲಿ ಕಬ್ಬಿಣಾಂಶವನ್ನು ಒಳಗೆ ಸಾಗಿಸುವ ಪ್ರೋಟೀನು ಸೀಸವನ್ನೂ ಸಾಗಿಸುತ್ತದೆ. ಕಬ್ಬಿಣಾಂಶ ಕಡಿಮೆಯಾದಾಗ ದೇಹ ಆ ಪ್ರೋಟೀನನ್ನೇ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ರಕ್ತಹೀನತೆ ಇರುವ ಮಗುವಿಗೇ ಹೆಚ್ಚು ಪೆಟ್ಟು ಬೀಳಬಹುದು. ಕಬ್ಬಿಣಾಂಶ, ಕ್ಯಾಲ್ಸಿಯಂ ಎರಡನ್ನೂ ನೋಡಿಕೊಳ್ಳಿ.

ಸೀಸ ಬೆರೆತ ಹಳೆಯ ಪೇಂಟ್ ಇರುವ ಮನೆಯಲ್ಲಿ ಮೊದಲು ನೋಡಬೇಕಾದ್ದು ಕಿಟಕಿ. ಗೋಡೆಯ ಬಣ್ಣ ಸುಮ್ಮನೆ ಇರುತ್ತದೆ. ಕಿಟಕಿ ಬಾಗಿಲುಗಳು ತೆರೆದು ಮುಚ್ಚುವಾಗೆಲ್ಲ ಚೌಕಟ್ಟಿಗೆ ಉಜ್ಜಿ ಬಣ್ಣ ಪುಡಿಯಾಗಿ ಕೆಳಗೆ ಕೂರುತ್ತದೆ. ಒಣ ಪೊರಕೆಯಿಂದ ಗುಡಿಸಿದರೆ ಆ ಸಣ್ಣ ಪುಡಿ ಗಾಳಿಗೆದ್ದು ಮತ್ತೆ ನೆಲಕ್ಕೇ ಇಳಿಯುತ್ತದೆ. ಒದ್ದೆ ಬಟ್ಟೆಯಿಂದಲೇ ಒರೆಸಿ. ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಒಂದೇ ದಿಕ್ಕಿಗೆ ಒರೆಸಿ, ಬಟ್ಟೆ ಮಡಚಿ ಹೊಸ ಮಗ್ಗುಲು ತನ್ನಿ, ಕೋಣೆಗೊಮ್ಮೆ ನೀರು ಬದಲಿಸಿ. ಒಂದೇ ಬಕೆಟ್ ಆದರೆ ಕಿಟಕಿಯ ಸೀಸವನ್ನು ಮನೆ ತುಂಬ ಬಳಿದಂತೆ.

ಇನ್ನು ಹೊಸ ಬಣ್ಣ ಹೊಡೆಸುವ ಮುಂಚೆ ಹಳೆಯದನ್ನು ಒಣ ಸ್ಯಾಂಡ್‌ಪೇಪರಿನಲ್ಲಿ ತಿಕ್ಕುವುದು, ಬೆಂಕಿ ತಾಗಿಸಿ ಕೀಳುವುದು. ದಯವಿಟ್ಟು ಬೇಡ. ವರ್ಷಗಟ್ಟಲೆ ಸುಮ್ಮನಿದ್ದ ಸೀಸ ಒಂದೇ ದಿನದಲ್ಲಿ ಧೂಳಾಗಿ, ಹೊಗೆಯಾಗಿ ಮನೆ ತುಂಬುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು, ಕೆಳಗೆ ಪ್ಲಾಸ್ಟಿಕ್ ಹಾಸಬೇಕು. ಕೊನೆಯ ಒರೆಸುವಿಕೆ ಮುಗಿಯುವವರೆಗೂ ಮಗು, ಗರ್ಭಿಣಿ ಆ ಮನೆಯಲ್ಲಿ ಇರಬಾರದು.

ಸೀಸದ ಧೂಳು ಮೈಗೆ ಮೆತ್ತಿಕೊಂಡು ಬರಬಹುದಾದ ಬ್ಯಾಟರಿ, ವೆಲ್ಡಿಂಗ್, ಗುಜರಿ ಕೆಲಸದವರು ಬಟ್ಟೆ, ಚಪ್ಪಲಿ ಹೊರಗೇ ಬದಲಿಸಿ ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆ ಬೇರೆಯಾಗಿಯೇ ಒಗೆಯಬೇಕು. ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಕುದಿಸಿದರೆ ಸೀಸ ಹೋಗುತ್ತದೆ ಅಂತ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ.

ರಕ್ತ ಪರೀಕ್ಷೆ ಬೇಡ ಅಂತಲ್ಲ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಸಂಖ್ಯೆ ಹೆಚ್ಚು ಬಂದರೆ ಚರ್ಮದ ಮೇಲಿನ ಧೂಳೂ ಕಾರಣ ಇರಬಹುದು, ರಕ್ತನಾಳದಿಂದ ತೆಗೆಸಿ ಖಚಿತಪಡಿಸಿಕೊಳ್ಳಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತೆಗೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಕಡಿಮೆ ಅಂದರೆ ಸುರಕ್ಷಿತ ಅಂತಲ್ಲ, ಸುರಕ್ಷಿತ ಮಟ್ಟ ಅನ್ನುವುದೇ ಸೀಸಕ್ಕೆ ಇಲ್ಲ. ಈ ಮಟ್ಟದಲ್ಲಿ ಮಗು ಆಡಿಕೊಂಡೇ ಇರುತ್ತದೆ, ಲಕ್ಷಣ ಕಾಯುತ್ತ ಕೂರಬೇಡಿ. ಸೀಸ ಹೊರಹಾಕುವ ಔಷಧಿ ಸಾಮಾನ್ಯವಾಗಿ 45 ಮೈಕ್ರೋಗ್ರಾಂ ಮುಟ್ಟಿದ ಮೇಲಿನ ಮಾತು. ಅಲ್ಲಿಯವರೆಗೆ ಮೂಲ ತೆಗೆಯುವುದೇ ಮುಖ್ಯ ಚಿಕಿತ್ಸೆ.

ಮೂಲ ತೆಗೆದ ಮೇಲೂ ಸಂಖ್ಯೆ ನಿಧಾನವಾಗಿಯೇ ಇಳಿಯುತ್ತದೆ, ಮೂಳೆಯಲ್ಲಿ ಕೂತ ಸೀಸ ರಕ್ತಕ್ಕೆ ಬರುತ್ತಲೇ ಇರುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಮತ್ತೆ ಏರಿದರೆ ಇನ್ನೊಂದು ಮೂಲ ಎಲ್ಲೋ ಉಳಿದಿದೆ ಅಂತಲೇ ಲೆಕ್ಕ. ಕಿಟಕಿಯಿಂದ ಮತ್ತೆ ಶುರು ಮಾಡಿ.