ಗೆರೆ ಎಳೆದ ನೋಟ್‌ಬುಕ್ಕಿನ ಇಂಗ್ಲಿಷ್

ಆಷಾಢದ ಮಳೆಗೆ ಶಾಲೆಗೆ ರಜೆ ಸಿಕ್ಕಿ, ಹತ್ತನೆಯ ತರಗತಿಯಲ್ಲಿರುವ ತಮ್ಮನ ಮಗಳು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿದ್ದಾಗ, ಅವಳ ಇಂಗ್ಲಿಷ್ ನೋಟ್‌ಬುಕ್ಕನ್ನು ತೆರೆದು ನೋಡಿದೆ. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ ಬರೆದುಕೊಳ್ಳುವ ಈ ಪದ್ಧತಿ ನಾನು ಓದುವಾಗಲೂ ಇತ್ತು. ಅದು ಕಲಿಸುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ಅವಳು 'ಹಿಯರ್', 'ಲಿಸನ್', 'ಆಸ್ಕ್' ಮೂರರ ಎದುರಿಗೂ 'ಕೇಳು' ಎಂದೇ ಬರೆದಿದ್ದಳು. "ಮೂರೂ ಒಂದೇ ಅಲ್ವಾ ದೊಡ್ಡಪ್ಪ?" ಎಂದಳು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ನಾವು ಬೇಡವೆಂದರೂ ಕಿವಿಗೆ ಬೀಳುತ್ತದೆ, ಅದು ಹಿಯರ್. ಆ ಸದ್ದಿನ ನಡುವೆಯೇ ಭದ್ರಾವತಿ ಆಕಾಶವಾಣಿಗೆ ಕಿವಿಗೊಟ್ಟು ಕೂತರೆ ಅದು ಲಿಸನ್. ಅಜ್ಜಿಯ ಹತ್ತಿರ ಇನ್ನೊಂದು ಲೋಟ ಕಾಫಿ ಕೇಳಿದರೆ ಆಸ್ಕ್ ಫಾರ್. ಏನನ್ನು ಕೇಳಿಸಿಕೊಳ್ಳುತ್ತೇವೆಂದು ಹೇಳುವಾಗ ಲಿಸನ್ ಬೆನ್ನಿಗೆ 'ಟು' ಬರಲೇಬೇಕು, ಆದರೆ ಯಾರನ್ನು ಕೇಳಿದೆವೆಂದು ಹೇಳುವಾಗ ಆಸ್ಕ್ ಜೊತೆ ಅದು ಬರಕೂಡದು. 'ಅವಳ ಹತ್ತಿರ ಕೇಳಿದೆ' ಎನ್ನುವ ನಮ್ಮ ರೂಢಿಯಿಂದಲೇ 'ಆಸ್ಕ್ಡ್ ಟು ಹರ್' ಹುಟ್ಟುತ್ತದೆ. 'ಐದು ವರ್ಷದಿಂದ', '2019ರಿಂದ' ಎಂಬೆರಡಕ್ಕೂ ನಮ್ಮಲ್ಲಿ 'ಇಂದ' ಒಂದೇ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಫಾರ್, ಎರಡನೆಯದಕ್ಕೆ ಸಿನ್ಸ್.

ಬಡತನ ಯಾವಾಗಲೂ ನಮ್ಮದೇ ಅಲ್ಲ. ತೊಳೆಯುವ ಅಕ್ಕಿಗೂ ಉಣ್ಣುವ ಅನ್ನಕ್ಕೂ ಇಂಗ್ಲಿಷಿನಲ್ಲಿ ರೈಸ್ ಒಂದೇ. ಭತ್ತಕ್ಕೆ ಹೇಳುವ ಪ್ಯಾಡಿ ಮಲಯ ಭಾಷೆಯಿಂದ ಬಂದ ಕಡ. ಅಡಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ಅವಳ ನೋಟ್‌ಬುಕ್ಕಿನಲ್ಲಿ ಅಡಿಕೆಗೆ 'ಬೀಟಲ್ ನಟ್' ಎಂದಿತ್ತು. ನಿಘಂಟು ಅದನ್ನು ಒಪ್ಪುತ್ತದೆ, ಸರಿ. ಆದರೆ ಬೀಟಲ್ ಎಂದರೆ ವೀಳ್ಯದೆಲೆ, ಮಲಯಾಳದ 'ವೆಟ್ಟಿಲ' ಪೋರ್ಚುಗೀಸರ ಬಾಯಿಗೆ ಬಿದ್ದು ಆದ ರೂಪ. ಎಲೆ, ಅಡಿಕೆ ಎರಡನ್ನೂ ಒಟ್ಟಿಗೆ ಮೆಲ್ಲುವುದನ್ನು ಕಂಡವರು ಎಲೆಯ ಹೆಸರನ್ನು ಕಾಯಿಗೆ ಕಟ್ಟಿದರು. ಅರೆಕಾ ಎಂಬುದು ನಮ್ಮ 'ಅಡಿಕೆ'ಯ ಬಳಗದ್ದೇ ಪದ, ಅದೇ ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದದ್ದು. ತೋಟದ ಮನೆಯ ಹುಡುಗಿಗೆ ಇದನ್ನು ಯಾರೂ ಹೇಳಿರಲಿಲ್ಲ ಎಂಬುದು ನನಗೆ ಬೇಸರ ತಂದಿತು.

ಈಗ ಅವಳು ಬಲಗಡೆ ಅರ್ಥದ ಬದಲು ಒಂದೊಂದು ಪೂರ್ತಿ ವಾಕ್ಯ ಬರೆಯುತ್ತಿದ್ದಾಳೆ. ಊರಿಗೆ ಹೊರಟಾಗ "ಬರ್ತೀನಿ ದೊಡ್ಡಪ್ಪ" ಎಂದವಳು, ಬಾಗಿಲಲ್ಲೇ ನಿಂತು, "ಇದಕ್ಕೆ ಕಮ್ ಬರೀಲಾ, ಗೋ ಬರೀಲಾ?" ಎಂದು ಕೇಳಿದಳು.